ಫೋನಿನ ಆಚೆ ಕಡೆಯವರು

ಅಕ್ಕ ತೀರಿಕೊಂಡ ಹದಿನೇಳನೆಯ ದಿನ ನಾನು ಕಾಫಿ ಕಿಟಕಿ ತೆರೆದೆ. ಇನ್ನೂ ಸ್ವಲ್ಪ ದಿನ ಹೋಗಲಿ ಎಂದು ನೆಂಟರು ಹೇಳಿದರು. ಆದರೆ ಮನೆಯಲ್ಲಿ ಕುಳಿತರೆ ಎಲ್ಲಿ ನೋಡಿದರೂ ಅವಳ ಸಾಮಾನೇ ಕಾಣುತ್ತಿತ್ತು. ಕಿಟಕಿಯಲ್ಲಾದರೆ ಗಾಡಿಗಳಾದರೂ ಕಾಣುತ್ತವೆ.

ಕೋಲಾರದ ಟೊಮೆಟೊ ಮಾರುಕಟ್ಟೆ ದಾಟಿದ ಮೇಲೆ ಲೋಡು ತುಂಬಿದ ಲಾರಿಗಳನ್ನು ತೂಗುವ ಒಂದು ವೇಬ್ರಿಡ್ಜ್ ಇದೆ. ಅದರ ಅಂಗಳದಲ್ಲೇ ನಮ್ಮ ಕೋಣೆ. ತೂಕ ಮುಗಿಸಿದ ಗಾಡಿ ನಮ್ಮ ಕಿಟಕಿಯ ಮುಂದೆ ಹಾದೇ ರಸ್ತೆ ಸೇರಬೇಕು. ಡ್ರೈವರ್ ಕೆಳಗಿಳಿಯಬೇಕಾಗಿಲ್ಲ, ಕುಳಿತಲ್ಲಿಂದಲೇ ಕೈಚಾಚಿ ಪೇಪರ್ ಲೋಟದಲ್ಲಿ ಕಾಫಿ ತೆಗೆದುಕೊಂಡು ಹೋಗಬಹುದು. ಇದು ಅಕ್ಕನ ಯೋಚನೆ. ಕಿಟಕಿಯ ಒಳಗೆ ಎರಡು ಮೆಟ್ಟಿಲು ಕಟ್ಟಿಸಿದ್ದಳು. ಟೆಂಪೊ ಬಂದರೆ ಮೇಲಿನ ಮೆಟ್ಟಿಲು, ಬೈಕು ಬಂದರೆ ಕೆಳಗಿನದು.

ಎಂಟು ವರ್ಷ ಅವಳು ಆ ಮೆಟ್ಟಿಲ ಮೇಲೆ, ನಾನು ಒಲೆಯ ಮುಂದೆ. ಡಿಕಾಕ್ಷನ್ ಇಳಿಸುವುದು, ಹಾಲು ಕಾಯಿಸುವುದು ನನ್ನ ಕೆಲಸ. ಮಾತು ಅವಳದು. ಕಿಟಕಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಫೋನಿನಲ್ಲೇ ಇರುತ್ತಾರೆ. ಕಾಫಿ ಎಷ್ಟು, ಸಕ್ಕರೆ ಬೇಕೋ ಬೇಡವೋ, ಏನು ಕೇಳಿದರೂ ಕಿವಿಗೆ ಬೀಳುವುದಿಲ್ಲ. ಅಕ್ಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗುತ್ತಿದ್ದಳು:

"ಲೇ ಫೋನಪ್ಪಾ, ಬಾಯಿ ಆ ಕಡೆ ಇರ್ಲಿ, ಕೈ ಈ ಕಡೆ ಕೊಡು! ಹಿಂದೆ ಹತ್ತು ಗಾಡಿ ನಿನ್ ಸಂಸಾರದ ಕಥೆ ಕೇಳ್ತಾ ನಿಂತವೆ!"

ಬೈಸಿಕೊಂಡವರೂ ನಗುತ್ತಾ ಗಾಡಿ ಮುಂದಕ್ಕೆ ತೆಗೆಯುತ್ತಿದ್ದರು.

ನನಗೆ ಹಾಗೆ ಕೂಗಲು ಬರುವುದಿಲ್ಲ. ಮೊದಲ ದಿನ "ಅಣ್ಣಾ, ಅಣ್ಣಾ" ಎಂದು ಕರೆದೆ. ಯಾರೂ ತಿರುಗಿ ನೋಡಲಿಲ್ಲ. ಮುಳಬಾಗಿಲಿನ ಟೆಂಪೊದವನೊಬ್ಬ ಕಾಫಿ ಕೈಯಲ್ಲಿ ಹಿಡಿದೇ ಮಾತು ಮುಂದುವರಿಸಿದ. ಹಿಂದಿನ ಸಾಲು ಬೆಳೆದು, ತೂಕ ಮುಗಿಸಿದ ಲಾರಿಯೊಂದು ವೇಬ್ರಿಡ್ಜ್ ಮೇಲಿಂದ ಇಳಿಯಲು ಜಾಗವಿಲ್ಲದೆ ನಿಂತೇಬಿಟ್ಟಿತು. ವೇಬ್ರಿಡ್ಜಿನ ಯಜಮಾನರು ಬಂದರು. ಅವರು ಕೆಟ್ಟವರಲ್ಲ, ಅಕ್ಕನ ಕಾರ್ಯಕ್ಕೆ ಹಣ್ಣು ತಂದವರು.

"ನೋಡಮ್ಮಾ, ನಿಮ್ಮಕ್ಕ ಇದ್ದಾಗ ಬೇರೆ. ಇನ್ನೆರಡು ದಿನ ನೋಡ್ತೀನಿ. ಹಿಂಗೇ ತೂಕ ನಿಂತೋದ್ರೆ ಕಿಟಕಿ ಮುಚ್ಚಿಸ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಕಿಟಕಿ ಹೋದರೆ ಅಕ್ಕ ಮಾಡಿದ್ದರಲ್ಲಿ ಉಳಿಯುವುದು ಏನೂ ಇರಲಿಲ್ಲ. ಅಂದು ಎರಡು ಸಲ ಹಾಲು ಉಕ್ಕಿಸಿದೆ.

ಎರಡನೆಯ ದಿನ ಬೆಳಿಗ್ಗೆ ಯಲ್ದೂರು ಕಡೆಯ ಲಾರಿ ಡ್ರೈವರೊಬ್ಬರು ಬಂದರು. ಸ್ಪೀಕರ್ ಹಾಕಿಕೊಂಡು ಹೆಂಡತಿಯ ಜೊತೆ ಮಾತಾಡುತ್ತಿದ್ದರು. ಸಕ್ಕರೆ ಹಾಕಲೇ ಎಂದು ಮೂರು ಸಲ ಕೇಳಿದೆ. ಮಾತು ನಿಲ್ಲಿಸದೆಯೇ ಲೋಟಕ್ಕೆಂದು ಕೈಚಾಚಿದರು, ಆ ಕೈಯಲ್ಲೇ ಫೋನಿತ್ತು. ಅದು ನೇರ ನನ್ನ ಮುಖದ ಮುಂದೆ ಬಂತು.

"ಹಲೋ? ಕೇಳಿಸ್ತಾ ಇದೆಯಾ?" ಎಂದಿತು ಫೋನು.

"ಕೇಳಿಸ್ತಾ ಇದೆ ಅಮ್ಮಾ," ಎಂದುಬಿಟ್ಟೆ.

ಆ ಕಡೆಯ ದನಿ ಏರಿತು: "ಯಾರಮ್ಮಾ ನೀನು? ನಮ್ಮನೆಯವ್ರ ಫೋನಲ್ಲಿ ನೀನೇನ್ ಮಾಡ್ತಾ ಇದೀಯ?"

"ಕಾಫಿಯವಳಮ್ಮಾ. ಇವರಿಗೆ ಸಕ್ಕರೆ ಎಷ್ಟು ಹಾಕ್ಲಿ? ಕೇಳಿದ್ರೆ ಹೇಳ್ತಾನೇ ಇಲ್ಲ."

"ಸಕ್ಕರೆನಾ? ಶುಗರ್ ಇದೆ ಅವ್ರಿಗೆ! ಬಿಟ್‌ಬಿಟ್ಟಿದೀನಿ ಅಂತ ದೇವ್ರ ಮುಂದೆ ಆಣೆ ಇಟ್ಟವ್ರೆ! ರೀ, ಎಲ್ಲಿದೀರಿ? ಕೊಡಮ್ಮಾ ಅವ್ರಿಗೆ ಫೋನು!"

ಡ್ರೈವರಣ್ಣ ಸಕ್ಕರೆ ಇಲ್ಲದ ಕಾಫಿಯನ್ನು ಕಸಿದುಕೊಂಡು ಲಾರಿ ಓಡಿಸಿದ ರಭಸ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ಟೆಂಪೊದಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹದಿನೆಂಟು ದಿನಗಳ ಮೇಲೆ ಮೊದಲ ನಗು. ದಾರಿ ಸಿಕ್ಕಿತ್ತು. ಡ್ರೈವರುಗಳ ಮೇಲೆ ಕೂಗಾಡಲು ನನಗೆ ಬಾರದಿದ್ದರೇನು, ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬರುತ್ತದಲ್ಲ.

ಅಲ್ಲಿಂದ ಫೋನು ಹಿಡಿದು ಬಂದವರನ್ನು ನಾನು ಏನೂ ಕೇಳಲೇ ಇಲ್ಲ. ಫೋನಿನ ಕಡೆ ಬಗ್ಗಿ ಆಚೆಯವರನ್ನೇ ಕೇಳುತ್ತಿದ್ದೆ. ಮಾಲೂರಿನ ಒಬ್ಬರ ತಾಯಿ, "ಸ್ಟ್ರಾಂಗ್ ಕೊಡಮ್ಮಾ, ನಿದ್ದೆಗೆಟ್ಟವ್ನೆ," ಎಂದರು. ಗೌನಿಪಲ್ಲಿಯ ಒಬ್ಬರ ಮನೆಯವರು ತೆಲುಗಿನಲ್ಲಿ, "ಕಾಫೀ ವದ್ದಮ್ಮಾ, ಪಾಲು ಇವ್ವು," ಎಂದು ಕಾಫಿ ಬಿಡಿಸಿ ಹಾಲು ಕೊಡಿಸಿದರು. ಇನ್ನು ಕೆಲವರು ಕಿಟಕಿ ಹತ್ತಿರ ಬರುತ್ತಿದ್ದಂತೆಯೇ ಹೆದರಿ ಫೋನು ಜೇಬಿಗೆ ಹಾಕಿದರು.

"ಅಮ್ಮಾ ತಾಯೀ, ಎರಡು ಕಾಫಿ, ಸಕ್ಕರೆ ಕಮ್ಮಿ. ನಮ್ಮನೇಲಿ ಕೇಳ್ಬೇಡ!"

ಮೆಟ್ಟಿಲು ಹತ್ತಿ ಇಳಿದು ಕಾಲು ನೋಯುತ್ತಿತ್ತು, ಆದರೂ ನಿಲ್ಲಬೇಕೆನಿಸಲಿಲ್ಲ. ಅಂದು ವೇಬ್ರಿಡ್ಜ್ ಮೇಲೆ ಒಂದು ಗಾಡಿಯೂ ಕಾಯಲಿಲ್ಲ.

ಮೂರನೆಯ ದಿನ ಕೊನೆಯ ಗಡುವು. ಯಜಮಾನರು ಬೆಳಿಗ್ಗೆಯಿಂದಲೇ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಎಂಟು ಗಂಟೆಯವರೆಗೆ ಸಾಲು ನೀರಿನಂತೆ ಹರಿಯಿತು. ಆಗ ಶ್ರೀನಿವಾಸಪುರದ ಟೆಂಪೊ ಒಂದು ಬಂತು. ಫೋನಿನಲ್ಲಿ ಡ್ರೈವರನ ಹೆಂಡತಿ. ಸಕ್ಕರೆ ಕೇಳಿದೆ, ಹೇಳಿದಳು. ಆಮೇಲೆ ತಾನೇ ಕೇಳಿದಳು:

"ಅಕ್ಕಾ, ಅಲ್ಲಿ ದಿನಾ ಒಬ್ರು ಕೂಗ್ತಿದ್ರಲ್ಲ, ಫೋನಪ್ಪಾ ಅಂತ? ನಂಗೆ ಇಲ್ಲಿವರ್ಗೂ ಕೇಳಿಸ್ತಿತ್ತು. ನಗು ಬರೋದು. ಎಲ್ಲಿ ಅವ್ರು? ಊರಿಗೆ ಹೋಗವ್ರಾ?"

ನನ್ನ ಕೈಯಲ್ಲಿ ಲೋಟ ಹಾಗೇ ಉಳಿಯಿತು. ಇಷ್ಟು ದಿನ ಸುದ್ದಿಯನ್ನು ಬೇರೆಯವರೇ ಬೇರೆಯವರಿಗೆ ಹೇಳಿದ್ದರು. ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

"ಅವಳು ನಮ್ಮಕ್ಕ. ತೀರ್ಕೊಂಡ್ಳಮ್ಮಾ," ಎಂದೆ.

ಹಿಂದೆ ಹಾರ್ನ್ ಶುರುವಾಯಿತು. ನಾನು ಲೋಟ ಕೊಡದೆ ಹಾಗೇ ನಿಂತಿದ್ದೆ. ಆ ಹೆಣ್ಣುಮಗಳ ದನಿ ಬಂತು. "ಅಯ್ಯೋ. ನಾನು ಅವ್ರ ಮುಖಾನೇ ನೋಡ್ಲಿಲ್ವಲ್ಲಾ ಅಕ್ಕಾ."

ಅವಳು ಅತ್ತಳು. ಅಕ್ಕನಿಗಾಗಿ, ಮುಖ ಕಾಣದ ಒಬ್ಬಳು! ನಾನೂ ಅತ್ತೆ. ಎಂಥದೋ ಸಂತೋಷವೂ ಆಯಿತು, ಅದನ್ನು ಹೇಗೆ ಹೇಳಲಿ? ಎಷ್ಟು ಮನೆಗಳ ಅಡುಗೆಕೋಣೆಯಲ್ಲಿ ಅವಳ ಕೂಗು ಕೇಳಿಸಿತ್ತೋ ಎಂದು ಮೈ ಜುಮ್ಮೆಂದಿತು.

ಕಣ್ಣೊರೆಸಿಕೊಂಡು ನೋಡಿದರೆ ವೇಬ್ರಿಡ್ಜ್ ಮೇಲೆ ಲಾರಿ ನಿಂತಿತ್ತು. ಯಜಮಾನರು ಕುರ್ಚಿ ಬಿಟ್ಟು ಕಿಟಕಿಯ ಹತ್ತಿರ ಬಂದಿದ್ದರು. ಮುಗಿಯಿತು ಎಂದುಕೊಂಡೆ. ಅವರು ನನ್ನ ಕೈಯಿಂದ ಲೋಟ ತೆಗೆದು ಟೆಂಪೊದವನಿಗೆ ಕೊಟ್ಟರು. ಗಾಡಿ ಹೊರಟಿತು.

"ಇವತ್ತು ಸಾಲು ನಿಲ್ಲಿಸಿದ್ದು ನೀನೇ," ಎಂದರು.

"ಹೌದು ಸರ್."

"ಮುಖ ತೊಳ್ಕೊಂಡು ಬಾ. ಅಲ್ಲಿವರ್ಗೂ ನಾನ್ ಕೊಡ್ತೀನಿ." ಅವರು ಒಳಗೆ ಬಂದು ಮೆಟ್ಟಿಲು ಹತ್ತಿದರು. "ಸೋಮವಾರದಿಂದ ಮಾವಿನ ಲೋಡು ಶುರು. ಈ ಹಾಲು ಸಾಲಲ್ಲಮ್ಮಾ, ಜಾಸ್ತಿ ಹೇಳಿಡು."