ಎಳ್ಳಮಾಸಿಗಿ ಇರೋ ಊರು

ಇದನ್ನ ಪೂರಾ ಇನ್ನೂ ಯಾರಿಗೂ ಹೇಳಿಲ್ಲ. ಎಳ್ಳಮಾಸಿ, ಅಂದ್ರ ಎಳ್ಳ ಅಮಾವಾಸಿ ದಿನ ಅಫಜಲಪುರದಿಂದ ಸೊನ್ನ ಕಡಿ ಹೋಗೋ ಬಸ್ಸಿನ್ಯಾಗ ಇಂಗ್ಲಿಷ್ ಓದಾಕತ್ತಿದ್ದೆ. ‘ಕಮ್ ಇನ್‌ಟು ಎಕ್ಸಿಸ್ಟೆನ್ಸ್’, ‘ಸೀಸ್ ಟು ಎಕ್ಸಿಸ್ಟ್’ ಇಂಥವಕ್ಕ ಮರುದಿನ ಕ್ಲಾಸಿನ್ಯಾಗ ಎದ್ದು ನಿಂತು ಸ್ವಂತ ವಾಕ್ಯ ಹೇಳಬೇಕಿತ್ತು.

ಬಾಜೂಕ ಬುಟ್ಟಿ ಹಿಡಕೊಂಡು ಕುಂತಿದ್ದ ಅಜ್ಜಿ, “ಏನ್ ಓದಾಕತ್ತೀಯವ್ವಾ?” ಅಂದ್ಲು.

“ಮದಲ ಇದ್ದದ್ದು ಈಗ ಇಲ್ಲದಂಗ ಆದ್ರ ಇಂಗ್ಲಿಷಿನ್ಯಾಗ ಹೆಂಗ ಹೇಳೋದಂತ್ರಿ.”

“ನಮ್ಮೂರಂಗ ಅನ್ನು. ಬ್ಯಾರೇಜ್ ಕಟ್ಟಿದಾಗ ನೀರಾಗ ಹೋತು.”

ವಾಕ್ಯ ಸಿಕ್ತಂತ ನನಗ ಖುಷಿ ಆತು. “ಈಗೆಲ್ಲಿಗಿ ಹೊಂಟೀರಿ ಅಜ್ಜಿ?”

“ನಮ್ಮ ಹೊಲಕ್ಕ. ಭೂಮಿತಾಯಿಗಿ ಉಣಸಬೇಕಲ್ಲ, ಈ ಬುಟ್ಟ್ಯಾಗಿನ ಅಡಗಿ ಚರಗ ಚೆಲ್ಲಾಕ.”

“ಹೊಲಾನೂ ನೀರಾಗ ಹೋಗಿಲ್ಲೇನ್ರಿ?”

“ಹೋಗೈತಿ. ಹಂಗಂತ ಅದನ್ನ ಉಪಾಸ ಕೆಡವಾಕ ಆಗ್ತೈತೇನು? ದಂಡಿಗಿ ನಿಂತು ನೀರಾಗ ಚೆಲ್ತೇನಿ. ಎಲ್ಲೆಲ್ಲೋ ಹೋದ ಊರವ್ರೆಲ್ಲಾ ವರ್ಷಾ ಎಳ್ಳಮಾಸಿಗಿ ಅಲ್ಲೇ ಬರ್ತಾರ.”

ನನ್ನ ಕೈಯಾಗ ಒಂದು ಸಜ್ಜಿ ರೊಟ್ಟಿ ಇಟ್ಟು ಇಳದು ಹೋದ್ಲು. ಅಕಿ ಊರಿಗಿ ಯಾವ ಇಂಗ್ಲಿಷ್ ಹಚ್ಚಬೇಕು ಅಂತ ನನಗ ತಿಳೀದಂಗಾತು.

ಮರುದಿನ ಸರ್ ನನ್ನೇ ಎಬ್ಬಿಸಿದ್ರು. ಅಜ್ಜಿ ಊರಿಂದು ಅರ್ಧ ವಾಕ್ಯ ಹೇಳಿ, ‘ಸೀಸ್ ಟು ಎಕ್ಸಿಸ್ಟ್’ ಅನ್ನೋದನ್ನ ಬಿಟ್ಟೆ.

“ಆ ಊರು ಐತೋ ಇಲ್ಲೋ, ಒಂದು ಹೇಳಬೇ,” ಅಂದ್ರು.

“ಎಳ್ಳಮಾಸಿಗಿ ಐತ್ರಿ ಸರ್,” ಅಂದೆ.

ಸರ್ ಕುಂದ್ರು ಅಂದ್ರು. ಅದಕ್ಕ ಇಂಗ್ಲಿಷಿನ್ಯಾಗ ಏನಂತಾರ ಅಂತ ಅವರೂ ಹೇಳಲಿಲ್ಲ.