ಈರಣ್ಣ ಅಂಕಲ್‌ರ ಉಂಗುರ ಬೆರಳು

ಈರಣ್ಣ ಅಂಕಲ್ ಮೂರು ಬೆರಳಿಗೆ ಬ್ಯಾಂಜೋ ಮೀಟುವ ಲೋಹದ ಉಗುರು ಸಿಕ್ಕಿಸಿಕೊಂಡೇ ಗಿರ್ಮಿಟ್ ತಿನ್ನುತ್ತಿದ್ದರು. ತಟ್ಟೆಯ ಮೇಲೆ ಟಿಕ್ ಟಿಕ್ ಸದ್ದು. "ಅವನ್ನರ ತಗದಿಟ್ಟು ತಿನ್ರೀ," ಎಂದು ಹೆಂಡತಿ ಶಾಂತಾ ಆಂಟಿ ಗದರಿದರೆ, "ತಗದ್ರ ಬ್ಯಾಂಜೋಕ್ಕ ಸಿಟ್ಟು ಬರ್ತದ," ಎನ್ನುವರು.

ಗದಗಿನ ಎಂಜಿನಿಯರ್, ಅಮೆರಿಕದ ಕೆಂಡಲ್ ಪಾರ್ಕಿನಲ್ಲಿ ನಮ್ಮ ಪಕ್ಕದ ಮನೆ. ವಾರವಿಡೀ ರೂಟ್ ಒನ್ ಹೆದ್ದಾರಿಯಲ್ಲಿ ಆಫೀಸಿಗೆ ಓಡಾಟ, ಭಾನುವಾರ ಬಂತೆಂದರೆ ಬ್ಲೂಗ್ರಾಸ್. ಅಂದರೆ ಬ್ಯಾಂಜೋ, ಪಿಟೀಲಿನಂಥ ತಂತಿವಾದ್ಯಗಳ, ಅಲ್ಲಿನ ಬೆಟ್ಟದೂರುಗಳ ಸಂಗೀತ. ನಮ್ಮ ಕನ್ನಡ ಸಂಘದವರು ಯುಗಾದಿಗೆ ಒಮ್ಮೆ ಅವರ ಬ್ಯಾಂಜೋ ಕಾರ್ಯಕ್ರಮ ಇಟ್ಟರು. ಮರುವರ್ಷ ಗೌರವದಿಂದ ಪಾರ್ಕಿಂಗ್ ನೋಡಿಕೊಳ್ಳುವ ಕೆಲಸ ಕೊಟ್ಟರು.

ನಾನು ಅವರ ಶಿಷ್ಯನಾದದ್ದು ಬೇರೆ ದಿಕ್ಕಿಲ್ಲದೆ. ಸಂಗೀತದ ಮೇಡಂ ಗಮಕಕ್ಕೆ ತಕ್ಕಂತೆ ಹುಬ್ಬು ಕುಣಿಸುವುದನ್ನು ಅವರೆದುರೇ ಮಾಡಿ ತೋರಿಸಿ ಕ್ಲಾಸಿನಿಂದ ಹೊರಬಿದ್ದಿದ್ದೆ. ಅಮ್ಮ ನನ್ನನ್ನು ಪಕ್ಕದ ಮನೆಗೆ ಎಳೆದೊಯ್ದಳು. "ಇವನಿಗೇನಾದ್ರೂ ಕಲ್ಸಿ ಈರಣ್ಣನವ್ರೇ, ಬರೀ ಕೋತಿ ಥರ ಆಡ್ತಾನೆ."

"ಕೋತೀನ ಬೇಕಾಗಿತ್ರೀ ನನಗ. ಈ ಹಾಡು ಹಾಳ್ಯಾಗ ಬರದು ಕೊಡೂದಲ್ಲ. ನೋಡಿ, ಕೇಳಿ, ಕದೀಬೇಕು."

ಅವರು ಹಾಗೆ ಕದ್ದದ್ದು ವಾಲ್ಟರ್ ಎಂಬ ಮುದಿ ಬಡಗಿಯಿಂದ. ಆತ ತನ್ನಜ್ಜನಿಂದ ಕಲಿತ, ಹೆಸರೂ ಇಲ್ಲದ ಒಂದು ಹಾಡನ್ನು ಅಂಕಲ್‌ಗೆ ಒಪ್ಪಿಸಿ ಕಣ್ಮುಚ್ಚಿದ್ದ. ಅಂಕಲ್‌ರ ಮೂವರು ಶಿಷ್ಯರಲ್ಲಿ ಇಬ್ಬರು ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ ಎಂದು ಓಡಿಹೋದರು, ಉಳಿದವನು ನಾನು. ಅಂಕಲ್ ಜೂನ್‌ನಲ್ಲಿ ಟೆಕ್ಸಾಸ್‌ನ ಮಗಳ ಮನೆಗೆ ಹೊರಟಿದ್ದರು.

"ಲೇ ತಮ್ಮಾ, ಅಷ್ಟ್ರೊಳಗ ಆ ಹಾಡು ನಿನ್ನ ಕೈಯಾಗ ಕೂಡಬೇಕು. ಇಲ್ಲಂದ್ರ ವಾಲ್ಟರ್‌ಗ ಏನ್ ಹೇಳ್ಲಿ?"

"ಅವರು ಸತ್ತೋಗಿದಾರಲ್ಲ ಅಂಕಲ್."

"ಅದಕ್ಕ ಹೆದರಿಕಿ. ಮ್ಯಾಲೆ ಭೆಟ್ಟಿ ಆಗ್ತಾನ."

ಆರು ತಿಂಗಳು ಕದ್ದೆ. ಏಪ್ರಿಲ್‌ನ ಒಂದು ಶನಿವಾರ ಅವರು ನನ್ನನ್ನು ಸಮರ್‌ಸೆಟ್‌ನ ಜ್ಯಾಮ್‌ಗೆ ಕರೆದೊಯ್ದರು. ಅಲ್ಲಿ ಎಲ್ಲರೂ ಸುತ್ತ ಕೂತು ಸರದಿಯಂತೆ ಬಾರಿಸುತ್ತಾರೆ. ನನ್ನ ಸರದಿ ಬಂದಾಗ ಆ ಹಾಡನ್ನೇ ಹಿಡಿದೆ. ಅಂಕಲ್‌ರಂತೆಯೇ ನಾಲಿಗೆ ಚಾಚಿ, ಅವರಂತೆಯೇ ಮೊಣಕಾಲು ಕುಣಿಸಿ. ಜನ ನಕ್ಕರು, ಅಂಕಲ್ ಉಬ್ಬಿದರು. ಆಗ ವಾಲ್ಟರನ ಹಳೆಯ ಜೊತೆಗಾತಿ, ಪಿಟೀಲಿನ ಮಾರ್ಥಾ ಅಜ್ಜಿ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಬಾಯಲ್ಲಿ ಈರಣ್ಣ ಹೋಗಿ 'ಐರಾ' ಆಗಿದ್ದರು. "ಐರಾ, ಹುಡುಗ ನಿನ್ನ ಕೆಟ್ಟ ಬೆರಳನ್ನೂ ಕಲಿತುಬಿಟ್ಟಿದ್ದಾನೆ."

ಹಿಮದಲ್ಲಿ ಜಾರಿಬಿದ್ದಾಗಿನಿಂದ ಅಂಕಲ್‌ರ ಎಡಗೈ ಉಂಗುರ ಬೆರಳು ಸರಿಯಾಗಿ ಬಾಗುತ್ತಿರಲಿಲ್ಲ. ಹಾಡಿನ ತಿರುವಿನಲ್ಲಿ ಆ ಬೆರಳು ಒತ್ತಬೇಕಾದ ಸ್ವರ ಹುಟ್ಟುತ್ತಲೇ ಇರಲಿಲ್ಲ. ನಾನು ಆ ಖಾಲಿ ಜಾಗವನ್ನೂ ನಿಷ್ಠೆಯಿಂದ ಕದ್ದಿದ್ದೆ.

ಮನೆಗೆ ಡ್ರೈವ್ ಮಾಡುತ್ತಿದ್ದ ಅಂಕಲ್ ಸಿಗ್ನಲ್ಲಿನಲ್ಲಿ ನಿಂತಾಗ, "ನನ್ನ ತಲಿಯಾಗ ಆ ಸ್ವರ ಬರ್ತಿತ್ತಲ್ಲೋ," ಎಂದರು. "ನನಗ ಕೇಳಸ್ತಿತ್ತು."

ಮರುದಿನ ಅವರು ಬ್ಯಾಂಜೋ ಮುಟ್ಟಲಿಲ್ಲ. ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತರು. "ಇನ್ನ ನನ್ನ ನೋಡಬ್ಯಾಡ. ಬರೇ ಕೇಳು." ಇಡೀ ಹಾಡನ್ನು ಬಾಯಲ್ಲೇ ಹಾಡತೊಡಗಿದರು. ಆಂಟಿ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಅಂಥ ಕಂಠ. ನನ್ನ ಬ್ಯಾಂಜೋದಲ್ಲಿ ಆ ಬಿಟ್ಟುಹೋದ ಸ್ವರ ಬೇಗ ಸಿಕ್ಕಿತು, ಅದು ಬೀಳಬೇಕಾದ ಗಳಿಗೆ ಸಿಗಲಿಲ್ಲ. "ಅವಸರ ಆತು." "ಈಗ ತಡಾ ಆತು, ಮಂಗ್ಯಾ." ಮೂರು ಭಾನುವಾರ ಹೀಗೇ. ನಾಲ್ಕನೆಯ ಭಾನುವಾರ ತಿರುವಿನಲ್ಲಿ ನನ್ನ ಸ್ವರ ತನ್ನ ಗಳಿಗೆಗೇ ಬಿತ್ತು, ಅಂಕಲ್ ಹಾಡುವುದನ್ನು ನಿಲ್ಲಿಸಿದರು. ಬೆನ್ನು ಮಾತ್ರ ಕಾಣುತ್ತಿತ್ತು. "ಆಂಟೀನ ಕರೀ," ಎಂದರು. "ಬಾಗ್ಲಾ ತಗೀ ಅನ್ನು."

ಜೂನ್‌ನಲ್ಲಿ ಅವರು ಟೆಕ್ಸಾಸ್‌ಗೆ ಹೊರಟುಹೋದರು. ಕಳೆದ ತಿಂಗಳ ಜ್ಯಾಮ್‌ನಲ್ಲಿ ಮಾರ್ಥಾ, "ಐರಾ ಬಾರಿಸಿದ ಹಾಗೆ ಬಾರಿಸೋ, ನೆನಪಾಗ್ತಿದೆ," ಎಂದಳು. ನನಗೆ ನೀರು ಕುಡಿದಷ್ಟು ಸುಲಭ. ನಾಲಿಗೆ ಚಾಚಿದೆ, ಮೊಣಕಾಲು ಕುಣಿಸಿದೆ, ಎಲ್ಲರೂ ನಕ್ಕರು. ತಿರುವು ಬಂತು. ಅವರ ಹಾಗೆ ಬಾರಿಸಬೇಕೆಂದರೆ ಆ ಒಂದು ಸ್ವರವನ್ನು ಬಿಡಬೇಕಿತ್ತು. ಬೆರಳು ಬಿಡಲಿಲ್ಲ.