ಭಾವ ನಂಬಿದ ಪಂದ್ಯಪಟ್ಟಿ

ನಮ್ಮ ಭಾವನಿಗೆ ಮನುಷ್ಯರ ಮುಖಕ್ಕಿಂತ ಹಲ್ಲಿನ ಪರಿಚಯವೇ ಹೆಚ್ಚು. ಬೀದಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಯಾರೆಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ. ಅವರು ನಕ್ಕರೆ ಮಾತ್ರ, "ಓಹೋ, ಮೇಲಿನ ಎಡಗಡೆ ಎರಡು ನಂದೇ ಅಲ್ವಾ!" ಎಂದು ಗುರುತು ಹಿಡಿಯುತ್ತಾರೆ. ಹಲ್ಲಿನ ಸೆಟ್ಟು ಮಾಡುವ ಅವರ ಲ್ಯಾಬು ಒಂದೇ ಕೋಣೆಯದು. ಮೇಜು, ಕುರ್ಚಿ, ಕಂಪ್ಯೂಟರು, ಕಪಾಟು ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ. ಅಲ್ಲಿ ತಯಾರಾದ ಹಲ್ಲುಗಳನ್ನು ವೈದ್ಯರ ಕ್ಲಿನಿಕ್ಕುಗಳಿಗೆ ಮುಟ್ಟಿಸುವವನು ನಾನು. ಅಕ್ಕನನ್ನು ಕೊಟ್ಟ ತಪ್ಪಿಗೆ ಇಪ್ಪತ್ತೇಳು ವರ್ಷದಿಂದ ಅವರ ಜೊತೆ ಏಗುತ್ತಿದ್ದೇನೆ.

ಅವರ ಒಬ್ಬಳೇ ಮಗಳನ್ನು ನಾವು ಕಡ್ಡಿ ಅನ್ನುತ್ತೇವೆ. ಚಿಕ್ಕವಳಿದ್ದಾಗ ಹಾಗಿದ್ದಳು, ಹೆಸರು ಉಳಿದುಬಿಟ್ಟಿತು. ಈ ಕಡ್ಡಿ ಹತ್ತೊಂಬತ್ತಕ್ಕೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಸೇರಿದಳು. ಗುದ್ದುವುದು, ಒದೆಯುವುದು, ಕೆಡವಿ ಅದುಮುವುದು ಎಲ್ಲ ಸುತ್ತ ತಂತಿಬಲೆ ಕಟ್ಟಿದ ಒಂದೇ ಕಣದೊಳಗೆ ನಡೆಯುವ ಆಟ. ಮೊದಲ ಪಂದ್ಯಕ್ಕೆ ಭಾವನೂ ಹೋಗಿದ್ದರು. ಎರಡನೇ ನಿಮಿಷಕ್ಕೆ ಎದ್ದು ಓಡಿ, ಬಲೆ ಹಿಡಿದು ಅಲ್ಲಾಡಿಸುತ್ತಾ, "ಬಿಡಮ್ಮಾ, ನನ್ನ ಮಗಳನ್ನ ಬಿಡು!" ಎಂದು ಕೂಗಿಕೊಂಡರು. ಆಗ ಮೇಲೆ ಕೂತು ಗುದ್ದುತ್ತಿದ್ದವಳು ಕಡ್ಡಿಯೇ. ಕೆಳಗೆ ಬಿದ್ದವಳೂ ನಕ್ಕುಬಿಟ್ಟಳಂತೆ.

ಅಂದಿನಿಂದ ಕಡ್ಡಿ ಬಾಯಿಗೆ ಬೀಗ ಹಾಕಿಕೊಂಡಳು. ಪಂದ್ಯ ಎಂದು, ಎಲ್ಲಿ, ಒಂದನ್ನೂ ಮನೆಯಲ್ಲಿ ಹೇಳುತ್ತಿರಲಿಲ್ಲ. ಮುಗಿಸಿ ಬಂದು, "ಗೆದ್ದೆ" ಅಥವಾ "ಸೋತೆ" ಅನ್ನುತ್ತಿದ್ದಳು, ಅಷ್ಟೇ.

ಆದರೆ ಭಾವನಿಗೆ ತಾರೀಖು ಬೇಕೇ ಬೇಕಿತ್ತು. ಪ್ರತಿ ಪಂದ್ಯಕ್ಕೂ ಮಗಳ ಹಲ್ಲಿಗೆ ಗುದ್ದು ತಾಗದಂತೆ ಹೊಸ ಗಾರ್ಡು ಮಾಡಿಕೊಡಬೇಕು ಎಂಬ ಹಟ ಅವರದು. ಕೊನೆಗೆ ನಾನೇ ಲ್ಯಾಬಿನ ಕಂಪ್ಯೂಟರಿನಲ್ಲಿ ಪಂದ್ಯಗಳ ಪಟ್ಟಿ ಹುಡುಕಿಕೊಡುವ ಒಂದು ಜಾಲತಾಣ ತೆರೆದುಕೊಟ್ಟೆ. ಹೆಸರು ಹಾಕಿದರೆ ದಿನ, ಊರು, ಗಂಟೆ, ಎದುರಾಳಿ ಎಲ್ಲ ಸಾಲಾಗಿ ಬರುತ್ತದೆ. ಭಾವ ದಿನಾ ಬೆಳಿಗ್ಗೆ ಕೈ ತೊಳೆದು, ಕನ್ನಡಕ ಒರೆಸಿ ಅದನ್ನು ನೋಡುವರು. ಪಂದ್ಯಕ್ಕೆ ಮೂರು ದಿನ ಮುಂಚೆ, ಹೊಸ ಗಾರ್ಡು ಇದ್ದ ಪುಟ್ಟ ಡಬ್ಬಿ ಮನೆಯ ಫ್ರಿಜ್ಜಿನ ಮೇಲಿರುತ್ತಿತ್ತು. ಕಡ್ಡಿ ಪಿಟ್ಟೆನ್ನದೆ ತೆಗೆದುಕೊಳ್ಳುವಳು. ಆರು ವರ್ಷ ಅಪ್ಪ ಮಗಳ ಮಾತುಕತೆ ಎಂದರೆ ಆ ಡಬ್ಬಿಯೇ.

ಪಟ್ಟಿಯ ಮೇಲೆ ಭಾವನಿಗೆ ಎಂಥ ನಂಬಿಕೆ ಅಂತೀರಿ! ಒಮ್ಮೆ ನಾನು ಪಂದ್ಯ ನಡೆಸುವವರಿಗೇ ಫೋನ್ ಮಾಡಿ, ಆರು ಗಂಟೆಗಂತೆ ಎಂದೆ. "ಅವರಿಗೇನಯ್ಯಾ ಗೊತ್ತು? ಪಟ್ಟಿಯಲ್ಲಿ ಏಳು ಅಂತಿದೆ" ಎಂದುಬಿಟ್ಟರು.

ಹೋದ ತಿಂಗಳು ಪಟ್ಟಿ ಖಾಲಿಯಾಯಿತು. ಹೆಸರು ಹಾಕಿದರೆ 'ಯಾವುದೂ ಸಿಗಲಿಲ್ಲ' ಎಂಬ ಒಂದೇ ಸಾಲು.

"ಬಿಟ್ಟುಬಿಟ್ಟಳು ಕಣಯ್ಯಾ, ಕೊನೆಗೂ ಬುದ್ಧಿ ಬಂತು" ಎಂದು ಭಾವ ಅವತ್ತೆಲ್ಲ ಸಿಳ್ಳೆ ಹಾಕಿದರು. ಮರುದಿನದಿಂದ ಸಿಳ್ಳೆ ನಿಂತಿತು. ಮುಂದಿನ ವಾರ ಯಾರದೋ ಮೇಲಿನ ಸೆಟ್ಟನ್ನು ಇನ್ಯಾರದೋ ಡಬ್ಬಿಗೆ ಹಾಕಿ ಕಳಿಸಿದರು. ಬೈಸಿಕೊಂಡವನು ನಾನು. ಆದರೂ ಬೆಳಿಗ್ಗೆ ಪಟ್ಟಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ಗುರುವಾರ ಊಟದ ಡಬ್ಬಿ ತರಲು ಅಕ್ಕನ ಮನೆಗೆ ಹೋದೆ. ಕಡ್ಡಿ ಸ್ಟೂಲು ಹತ್ತಿ ಫ್ರಿಜ್ಜಿನ ಮೇಲೆ, ಹಿಂದೆ, ಸಂದಿಯಲ್ಲಿ ಕೈಯಾಡಿಸುತ್ತಿದ್ದಳು.

"ಏನೇ ಹುಡುಕ್ತಿದ್ದೀಯ?"

"ಏನಿಲ್ಲ." ಸ್ಟೂಲಿನಿಂದ ಇಳಿದು, "ಅಪ್ಪಂಗೆ ನನ್ಮೇಲೆ ಸಿಟ್ಟಾ ಮಾವ? ಶನಿವಾರ ಪಂದ್ಯ. ಡಬ್ಬಿ ಇಟ್ಟೇ ಇಲ್ಲ" ಎಂದಳು. ಬಲೆಯೊಳಗೆ ಹುಲಿಯಂತಿರುವ ಹುಡುಗಿ ಫ್ರಿಜ್ಜಿನ ಸಂದಿಗೆ ಇನ್ನೊಮ್ಮೆ ಇಣುಕಿದಳು. "ತೂಕ ಜಾಸ್ತಿ ಮಾಡ್ಕೊಂಡು ಮೇಲಿನ ವಿಭಾಗಕ್ಕೆ ಹೋದೆ. ಅದು ಅವರಿಗೆ ಇಷ್ಟ ಆಗ್ಲಿಲ್ವೇನೋ. ಹೋಗ್ಲಿ, ಹಳೇದಿದೆ, ಕಚ್ಚಿ ಕಚ್ಚಿ ತೂತಾಗಿದೆ, ಅದನ್ನೇ ಹಾಕ್ಕೋತೀನಿ."

ಮೇಲಿನ ವಿಭಾಗ ಎಂದಾಕ್ಷಣ ನನಗೆ ಪಟ್ಟಿ ನೆನಪಾಯಿತು. ಊಟದ ಡಬ್ಬಿ ಅಲ್ಲೇ ಬಿಟ್ಟು ಲ್ಯಾಬಿಗೆ ಓಡಿದೆ. ಪಟ್ಟಿಯ ಮೂಲೆಯಲ್ಲಿ ತೂಕದ ಚೌಕ; ಅಲ್ಲಿ ತುಂಬಿದ ತೂಕದ ಪಂದ್ಯಗಳಷ್ಟೇ ಕಾಣುತ್ತವೆ. ಅದರಲ್ಲಿ ಐವತ್ತೆರಡು ಕೆಜಿ ಎಂದು ಆರು ವರ್ಷದ ಹಿಂದೆ ತುಂಬಿಕೊಟ್ಟಿದ್ದವನು ಈ ಬೆಪ್ಪನೇ. ಅದನ್ನು ಅಳಿಸಿದೆ. ಐವತ್ತೇಳು ಕೆಜಿ ವಿಭಾಗದಲ್ಲಿ ಕಡ್ಡಿಯ ಹೆಸರು ಬಂತು. ಶನಿವಾರ, ಪಕ್ಕದ ಊರು.

ಭಾವ ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ವಾಸಿಯಿತ್ತು. ಕಪಾಟಿನಿಂದ ಮಗಳ ಹಲ್ಲಿನ ಹಳೆಯ ಅಚ್ಚನ್ನು ತೆಗೆದು ತಿರುಗಿಸಿ ನೋಡಿ, "ಇದಾಗಿ ಎರಡು ವರ್ಷ ಆಯ್ತು. ಅವಳನ್ನೇ ಕರಿ" ಎಂದರು.

ಕಡ್ಡಿ ಬಂದು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಳು. "ಆ ಅನ್ನು" ಎಂದರು ಭಾವ. ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ಅವರ ಹೆಬ್ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಅಚ್ಚಿನ ಮೇಣದಂಥ ಹಿಟ್ಟನ್ನು ಬಾಯಿಯಳತೆಯ ಪುಟ್ಟ ತಟ್ಟೆಗೆ ತುಂಬಿ ಅವಳ ಬಾಯಿಗಿಟ್ಟು ಒತ್ತಿ ಹಿಡಿದರು. ಅದು ಗಟ್ಟಿಯಾಗುವವರೆಗೆ, ಮೂರು ನಿಮಿಷ, ಅವಳು ಮಾತಾಡುವ ಹಾಗಿರಲಿಲ್ಲ. ಭಾವ ಮಾತಾಡಿದರು.

"ಸಿಟ್ಟಿಲ್ಲಮ್ಮಾ. ನೀನು ಬಿಟ್ಟೆ ಅಂದ್ಕೊಂಡೆ. ಒಂದು ದಿನ ಖುಷಿಯಾಯ್ತು. ಆಮೇಲೆ ನೋಡಿದ್ರೆ ನಿನಗೋಸ್ಕರ ಮಾಡೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಭಯ ಅಂತೂ ಇದೆ, ಅದು ಹೋಗಲ್ಲ. ನಾನು ಮಾಡಿದ್ದು ನಿನ್ನ ಬಾಯಲ್ಲಿದೆ ಅಂತ ಅಷ್ಟೇ ಧೈರ್ಯ." ಇನ್ನೊಂದು ಕೈಯಿಂದ ಕನ್ನಡಕ ಮೇಲೇರಿಸಿಕೊಂಡರು. "ನಾನೂ ಬರ್ಲಾ? ಸುಮ್ನೆ ಕೂತಿರ್ತೀನಿ. ಬಲೆ ಮುಟ್ಟಲ್ಲ."

ಕಡ್ಡಿಯ ಕಣ್ಣಿಂದ ನೀರು ಕಿವಿಯತ್ತ ಇಳಿಯಿತು. ಅವಳು ಕೈಚಾಚಿ, ಮೇಜಿನ ಮೇಲಿನ ಪ್ಲಾಸ್ಟರ್ ಪುಡಿಯಲ್ಲಿ ಬೆರಳಿಂದ ಬರೆದಳು: ಶನಿವಾರ ೭.

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಕಣ್ಣಿಗೆ ಪುಡಿ ಬಿತ್ತು ಎಂದು ಸುಳ್ಳು ಹೇಳುವುದಿಲ್ಲ, ಅತ್ತುಬಿಟ್ಟೆ.

ತಟ್ಟೆ ತೆಗೆದ ಮೇಲೆ ಅವಳು ಬಾಯಿ ಮುಕ್ಕಳಿಸಿ ಮೊದಲು ಹೇಳಿದ್ದು, "ಬಲೆ ಮುಟ್ಟಿದ್ರೆ ನೋಡಿ ಮತ್ತೆ!"

ಅಚ್ಚು ಹೊಯ್ದು, ಪ್ಲಾಸ್ಟಿಕ್ ಹಾಳೆ ಕಾಯಿಸಿ ಅದಕ್ಕೆ ಒತ್ತಿ, ಆರಿದ ಮೇಲೆ ಅಂಚು ಕತ್ತರಿಸುವ ಹೊತ್ತಿಗೆ ಸಂಜೆ ನಾಲ್ಕಾಯಿತು. ಮೇಜನ್ನು ಭಾವ ಒರೆಸಿರಲಿಲ್ಲ. ಈ ಸಲವೂ ಎಡವಟ್ಟಾಗಬಾರದೆಂದು ನಾನು ಪಟ್ಟಿಯನ್ನು ಇನ್ನೊಮ್ಮೆ ತೆರೆದು ನೋಡಿದೆ.

"ಭಾವ, ಇಲ್ಲಿ ಏಳೂವರೆ ಅಂತಿದೆ."

ಗಾರ್ಡಿನ ಅಂಚು ಉಜ್ಜುತ್ತಿದ್ದ ಭಾವ ತಲೆ ಕೂಡ ಎತ್ತಲಿಲ್ಲ.

"ಪಟ್ಟಿ ತಪ್ಪಿರತ್ತೆ ಕಣಯ್ಯಾ. ನನ್ನ ಮಗಳು ಏಳು ಅಂದಿದ್ದಾಳೆ."